ಕೆಂಪು ಶಾಯಿಯ ಕೆಳಗಿನ ‘ಆಧಾರ’: ಗಡಿನಾಡಿನ ಒಂದು ದಿನದ ಪುಟದ ಪ್ರಕರಣ

“ಬಂದ ಮಾವ ಆಧಾರ ಕೇಳಿದರು, ದೊಡ್ಡಮ್ಮ ಓಡಿಹೋಗಿ ಆಧಾರ್ ಕಾರ್ಡು ತಂದುಕೊಟ್ಟರು.”

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಪುಸ್ತಕದಲ್ಲಿ ಈ ವಾಕ್ಯ ಇತ್ತು. ಮೊದಲ ‘ಆಧಾರ’ಕ್ಕೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಆಧಾರ್ ಕಾರ್ಡ್’ ಎಂದು ಬರೆದೆ. ಒಂದೇ ವಸ್ತುವಿಗೆ ಒಂದೇ ವಾಕ್ಯದಲ್ಲಿ ಎರಡು ಹೆಸರು ಬೇಡ ಎಂಬ ಟಿಪ್ಪಣಿಯನ್ನೂ ಸೇರಿಸಿದೆ. ಅವು ಎರಡು ವಸ್ತುಗಳು. ಮಲಯಾಳಂನಲ್ಲಿ ‘ಆಧಾರಂ’ ಎಂದರೆ ಜಾಗದ ದಸ್ತಾವೇಜು. ಕಾಸರಗೋಡಿನಲ್ಲೇ ಹುಟ್ಟಿ ಬೆಳೆದು, ಇಲ್ಲಿಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಗೊತ್ತಿತ್ತು. ಆದರೆ ಕನ್ನಡ ಪುಸ್ತಕ ಕೈಯಲ್ಲಿದ್ದಾಗ ನಾನು ಕನ್ನಡ ಟೀಚರ್ ಮಾತ್ರ ಆಗಿಬಿಟ್ಟಿದ್ದೆ. ಹುಡುಗಿ ತಮಾಷೆಯ ಹಾಗೆ ಬರೆದಿದ್ದ ಆ ಸಾಲು ಮುಂದೆ ಎರಡು ತಿಂಗಳು ಅವಳ ನಿದ್ದೆ ಕೆಡಿಸಿದ ಸಂಗತಿಯ ತುದಿ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಪ್ರಕರಣವನ್ನು ಬರೆದಿಡುತ್ತಿರುವುದು ಗಡಿಭಾಗದ ಶಾಲೆಗಳಲ್ಲಿ ಮಕ್ಕಳಿಂದ ದಿನಚರಿ ಬರೆಸುವ ಇತರ ಅಧ್ಯಾಪಕರಿಗಾಗಿ. ಹುಡುಗಿಯನ್ನು ಇಲ್ಲಿ ಶಾರದೆ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ಶಾಲೆ, ಜಾಗದ ಅಳತೆ, ಸಂಬಂಧಗಳು ಗುರುತು ಸಿಗದಷ್ಟು ಬದಲಾಗಿವೆ. ಬರೆದದ್ದನ್ನು ಅವಳಿಗೂ ದೊಡ್ಡಮ್ಮನಿಗೂ ಓದಿ ಹೇಳಿದ್ದೇನೆ. ಎರಡು ವಾಕ್ಯ ತೆಗೆಯಲು ಶಾರದೆ ಹೇಳಿದಳು, ತೆಗೆದಿದ್ದೇನೆ.

ಹಿನ್ನೆಲೆ

ಮಂಜೇಶ್ವರ ತಾಲೂಕಿನ ಒಳಭಾಗದ ಶಾಲೆ. ಒಂದೇ ಕಟ್ಟಡದಲ್ಲಿ ಕನ್ನಡ ವಿಭಾಗ, ಮಲಯಾಳ ವಿಭಾಗ ಎರಡೂ ಇವೆ. ಶಾರದೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತನಾಡುತ್ತಾಳೆ. ಬ್ಯಾರಿ ಭಾಷೆಯೂ ಅರ್ಥವಾಗುತ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ನಾವು ಹೆಮ್ಮೆಯಿಂದ ಹೇಳುವುದು ಇಂಥ ಮಕ್ಕಳ ಬಾಯಿಯನ್ನು ನೋಡಿಯೇ. ಆ ಬಾಯಿ ಎಷ್ಟು ದುಡಿಯುತ್ತದೆ ಎಂದು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ವರದಿಯಲ್ಲೇ ಉಳಿಯಿತು. 1984ರಲ್ಲಿ ಜಿಲ್ಲೆಯಾಯಿತು. ಈ ಚರಿತ್ರೆಯನ್ನು ನಾವು ಹೋರಾಟದ ಕಥೆಯಾಗಿ ಹೇಳುತ್ತೇವೆ. ಶಾರದೆಯ ಮನೆಯಲ್ಲಿ ಅದರ ರೂಪ ಬೇರೆ: ನಾಲ್ಕನೇ ತರಗತಿಯವರೆಗೆ ಕನ್ನಡ ಓದಿದ ಅಜ್ಜಿ, ಏಳರವರೆಗೆ ಓದಿದ ಅಮ್ಮ. ಇಬ್ಬರೂ ಮಲಯಾಳವನ್ನು ಸಲೀಸಾಗಿ ಮಾತನಾಡುತ್ತಾರೆ, ಒಂದಕ್ಷರವನ್ನೂ ಓದಲಾರರು. ಅಜ್ಜಿಯ ಕ್ಷೇಮ ಪಿಂಚಣಿಯ ಸಂದೇಶ ಮೊಬೈಲಿಗೆ ಬರುವುದು ಮಲಯಾಳದಲ್ಲಿ. ಬಸ್ಸಿನ ಬೋರ್ಡು ಮಲಯಾಳದಲ್ಲಿ. ಸರಕಾರಿ ಅರ್ಜಿಗಳನ್ನು ತುಂಬಿಸುವ ಅಕ್ಷಯ ಕೇಂದ್ರದ ಫಾರಂ ಮಲಯಾಳದಲ್ಲಿ.

ಆಸುಪಾಸಿನ ಹನ್ನೊಂದು ಮನೆಗಳಲ್ಲಿ ಮಲಯಾಳ ಅಕ್ಷರ ಕೂಡಿಸಿ ಓದಬಲ್ಲವಳು ಶಾರದೆ ಒಬ್ಬಳೇ. ಅದನ್ನು ಅವಳಿಗೆ ಕಲಿಸಿದ್ದು ಪಾಠವಲ್ಲ, ಬಸ್ಸು. ಮಲಯಾಳ ವಿಭಾಗದ ಗೆಳತಿಯೊಬ್ಬಳು ದಿನವೂ ಜೊತೆಗೆ ಬರುತ್ತಿದ್ದಳು. ಕಿಟಕಿಯಾಚೆಯ ಅಂಗಡಿ ಬೋರ್ಡು ಓದಿಸುತ್ತಿದ್ದಳು. ಅದಕ್ಕೆ ಫೀಸು, ಉಪ್ಪು ಹಾಕಿ ಒಣಗಿಸಿದ ಪುನರ್ಪುಳಿ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಪ್ರತಿಭಟನೆಗೆ ಹೋದವರಲ್ಲಿ ನಾನೂ ಇದ್ದೆ, ಇಂದಿಗೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಹೇರುವುದು ಬೇರೆ, ಬೇಕಾಗುವುದು ಬೇರೆ ಎಂಬುದನ್ನು ಈ ಹುಡುಗಿಯ ಪುನರ್ಪುಳಿಯ ಮುಂದೆ ನಿಂತು ಒಮ್ಮೆ ಯೋಚಿಸಬೇಕಾಯಿತು.

ದಿನದ ಪುಟ

ಜೂನ್‌ನಲ್ಲಿ ಶಾಲೆ ತೆರೆದಾಗ ತರಗತಿಗೆಲ್ಲ ನೂರು ಪುಟದ ಒಂದೊಂದು ಪುಸ್ತಕ ಕೊಟ್ಟು, ಪ್ರತಿದಿನ ಅರ್ಧ ಪುಟ ಬರೆಯಿರಿ ಎಂದೆ. ಕಂಡದ್ದು, ಕೇಳಿದ್ದು, ಅನಿಸಿದ್ದು. ಹೆಚ್ಚಿನವರು ಎದ್ದದ್ದು, ಹಲ್ಲುಜ್ಜಿದ್ದು, ಗೋಳಿಬಜೆ ತಿಂದದ್ದು ಬರೆದರು. ಶಾರದೆ ಬರೆದದ್ದು ಹೀಗಿತ್ತು:

“ಅಮ್ಮ ಬೀಡಿ ಕಟ್ಟುವಾಗ ಕೈ ನೋಡುವುದಿಲ್ಲ, ದಾರಿ ನೋಡುತ್ತಾರೆ. ಬ್ರಾಂಚಿನಲ್ಲಿ ಮಾತ್ರ ಎಲ್ಲರೂ ಕೈಯನ್ನೇ ನೋಡುತ್ತಾರೆ.” (ಬ್ರಾಂಚು ಎಂದರೆ ಕಟ್ಟಿದ ಬೀಡಿಯನ್ನು ಒಪ್ಪಿಸುವ ಜಾಗ.)

“ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕೊರೋನಾ ಬಂದು ಆಚೆ ರಾಜ್ಯದವರು ರಸ್ತೆಗೆ ಮಣ್ಣು ಹಾಕಿದರು. ಮಂಗಳೂರು ನಮ್ಮ ಆಸ್ಪತ್ರೆ ಎಂದು ತಿಳಿದಿದ್ದೆ. ಅಂದು ಅದು ಬೇರೆಯವರದ್ದಾಯಿತು.”

ಎರಡನೆಯದರಲ್ಲಿ ‘ಆಚೆ ರಾಜ್ಯ’ ಎಂದರೆ ಕರ್ನಾಟಕ. ಕನ್ನಡದ ಹುಡುಗಿ ಕನ್ನಡದಲ್ಲೇ ಕರ್ನಾಟಕವನ್ನು ಆಚೆ ಎಂದು ಬರೆದಿದ್ದಳು. 2020ರ ಮಾರ್ಚಿನ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳು ಇಲ್ಲಿಯ ದೊಡ್ಡವರಿಗೂ ಮರೆತಿಲ್ಲ. ಅಷ್ಟೆಲ್ಲ ಇದ್ದ ಪುಟದ ಕೆಳಗೆ ನಾನು ಬರೆದ ಟಿಪ್ಪಣಿ: “ಅಲ್ಪಪ್ರಾಣ ಮಹಾಪ್ರಾಣ ಗಮನಿಸು.”

ಸಮಸ್ಯೆಯಾಗಿ ಮೊದಲು ಕಣ್ಣಿಗೆ ಬಿದ್ದದ್ದು ಅವಳ ಗೈರುಹಾಜರಿ. ಆಗಸ್ಟ್ ಹೊತ್ತಿಗೆ ಹದಿನಾಲ್ಕು ದಿನ ಬಂದಿರಲಿಲ್ಲ. ಒಂದು ದಿನವೂ ಜ್ವರವಲ್ಲ. ಕಚೇರಿ ತೆರೆಯುವುದು ಹತ್ತಕ್ಕೆ, ಆಗ ಶಾಲೆಯೂ ಹತ್ತಕ್ಕೆ. ಭಾನುವಾರ ಎರಡಕ್ಕೂ ರಜೆ. ಅಜ್ಜಿಯ ಪಿಂಚಣಿಯ ಮಸ್ಟರಿಂಗ್ (ಬದುಕಿದ್ದೇನೆ ಎಂದು ಬೆರಳಚ್ಚು ಒತ್ತಿ ತೋರಿಸುವುದು), ನೆರೆಮನೆಯವರ ರೇಷನ್ ಕಾರ್ಡು, ಇನ್ನೊಬ್ಬರ ವರಮಾನದ ಸರ್ಟಿಫಿಕೇಟು: ಯಾರಿಗಾದರೂ ಓದಿ ಹೇಳಬೇಕಾದರೆ ಶಾರದೆ ಶಾಲೆ ಬಿಡಲೇಬೇಕು. ಇದಕ್ಕೆ ಅವಳನ್ನು ಯಾರೂ ಒತ್ತಾಯಿಸುತ್ತಿರಲಿಲ್ಲ. “ಶಾರದೆ ಇದ್ದರೆ ಧೈರ್ಯ” ಎನ್ನುತ್ತಿದ್ದರು, ಅಷ್ಟೇ. ಹದಿನಾಲ್ಕು ವರ್ಷದವಳಿಗೆ ಒತ್ತಾಯಕ್ಕಿಂತ ಅದು ಭಾರ.

ಗಟ್ಟಿಯಾಗಿ ಓದಿದ ದಿನ

ಇಲ್ಲಿ ನನ್ನ ಎರಡನೇ ತಪ್ಪು. ಮಸ್ಟರಿಂಗಿಗೆ ಸಾಲು ನಿಂತ ದಿನದ ಬಗ್ಗೆ ಅವಳು ಒಂದು ಪುಟ ಬರೆದಿದ್ದಳು. ಬೆರಳಚ್ಚು ಮೂಡದ ಒಬ್ಬ ಅಜ್ಜಿ. ಬೀಡಿ ಎಲೆಯಲ್ಲಿ ಸವೆದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ, ಕೊನೆಗೆ “ನಾನು ಇದ್ದೇನಲ್ಲ ಮಗಾ, ಕಾಣುವುದಿಲ್ಲವೇ?” ಎಂದು ಯಂತ್ರದ ಹತ್ತಿರ ಕೂತ ಹುಡುಗನನ್ನು ಕೇಳಿದ್ದು. ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಅನಾಹುತವಾಯಿತು. ಶಾರದೆಯನ್ನು ಕೇಳದೆ, ತರಗತಿಯಲ್ಲಿ ಗಟ್ಟಿಯಾಗಿ ಓದಿ, ಬರೆಯುವುದೆಂದರೆ ಹೀಗೆ ಎಂದೆ. ಅಜ್ಜಿ ಯಾರೆಂದು ಹಿಂದಿನ ಬೆಂಚಿನವರಿಗೆ ಕೂಡಲೇ ತಿಳಿಯಿತು. ನಾಲ್ವರು ನಕ್ಕರು. ಆ ಅಜ್ಜಿಯ ಮೊಮ್ಮಗ ಅದೇ ತರಗತಿಯಲ್ಲಿ ಇದ್ದ, ಅವನು ನಗಲಿಲ್ಲ.

ಮರುದಿನದಿಂದ ಶಾರದೆಯ ಪುಟದಲ್ಲಿ ಒಂದೇ ವಾಕ್ಯ: “ಇಂದು ಮಳೆ ಬಂತು.” ಒಂಬತ್ತು ದಿನ ಅದೇ. ಅವುಗಳಲ್ಲಿ ಮೂರು ದಿನ ಮಳೆಯೇ ಬಂದಿರಲಿಲ್ಲ. ಒಂದಕ್ಷರ ತಪ್ಪಿರಲಿಲ್ಲ, ತಿದ್ದಲು ನನಗೆ ಏನೂ ಇರಲಿಲ್ಲ. ಕೆಂಪು ಪೆನ್ನು ಮುಚ್ಚಿಟ್ಟು ಕೂತ ಆ ಸಂಜೆಯೇ ಈ ಪ್ರಕರಣದ ಮೊದಲ ತಿರುವು ಎಂದು ಈಗ ಅನಿಸುತ್ತದೆ.

ಓಣಂ ರಜೆ ಮುಗಿದ ಮೇಲೆ ತರಗತಿಯ ಮುಂದೆಯೇ ಕ್ಷಮೆ ಕೇಳಿದೆ. ಆ ಮೊಮ್ಮಗನಿಗೆ ಬೇರೆಯಾಗಿ ಕೇಳಿದೆ. ಅವನು “ಪರವಾಗಿಲ್ಲ ಟೀಚರ್” ಎಂದ. ಪರವಾಗಿಲ್ಲದ್ದು ಅವನ ಮುಖದಲ್ಲಿತ್ತು. ಹೊಸ ನಿಯಮ ಮಾಡಿದೆವು: ಯಾವ ಪುಟವನ್ನು ನಡುವೆ ಮಡಚಿರುತ್ತಾರೋ ಅದನ್ನು ಟೀಚರ್ ಓದುವುದಿಲ್ಲ. ಮಡಚದ ಪುಟವನ್ನು ಓದುತ್ತಾರೆ, ಆದರೆ ತಿದ್ದುವುದಿಲ್ಲ. ವ್ಯಾಕರಣಕ್ಕೆ ಬೇರೆ ಪುಸ್ತಕ. ಮಡಚಿದ ಪುಟ ಓದದೆ ಬಿಡುವುದು ಹೇಳಿದಷ್ಟು ಸುಲಭವಲ್ಲ. ಶಾರದೆಯ ಪುಸ್ತಕದಲ್ಲಿ ಸಾಲಾಗಿ ಏಳು ಪುಟ ಮಡಚಿದ್ದವು, ಎದುರಿನ ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತು. ಹಿಡಿಯಲಿಲ್ಲ. ಎಂಟನೇ ದಿನ ಅವಳೇ ಒಂದು ಮಡಿಕೆ ಬಿಡಿಸಿ ಕೊಟ್ಟಳು.

ಮಡಿಕೆಯೊಳಗೆ ಇದ್ದದ್ದು

ನೆರೆಮನೆಯ ದೊಡ್ಡಮ್ಮ ತೀರಿಕೊಂಡ ತಂದೆಯ ಇಪ್ಪತ್ತೆಂಟು ಸೆಂಟ್ಸ್ ಜಾಗದಲ್ಲಿ ಒಬ್ಬ ಪಾಲುದಾರೆ. ಅವರ ತಮ್ಮ ಹೊಸ ಮನೆ ಕಟ್ಟಲು ಸಾಲಕ್ಕೆ ಓಡಾಡುತ್ತಿದ್ದ. ಜುಲೈಯಲ್ಲಿ ಅವನ ಪರವಾಗಿ ಒಬ್ಬರು ಬಂದು ಆಧಾರ ಕೇಳಿದರು, ಆಮೇಲೆ ಒಂದು ಟೈಪು ಮಾಡಿದ ಕಾಗದ ಕೊಟ್ಟು ಒಪ್ಪು ಹಾಕಲು ಹೇಳಿದರು. ಮಲಯಾಳದಲ್ಲಿ ‘ಒಪ್ಪು’ ಎಂದರೆ ಸಹಿ. (ನಮ್ಮ ಹಳೆಯ ಶಾಸನಗಳಲ್ಲೂ ಕೊನೆಗೆ ‘ಒಪ್ಪ’ ಇರುತ್ತದೆ; ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕನ್ನಡದಲ್ಲಿ ಸಹಿ ಹೋಗಿ ಸಮ್ಮತಿ ಮಾತ್ರ ಉಳಿದಿದೆ.) ದೊಡ್ಡಮ್ಮ ವಾಡಿಕೆಯಂತೆ ಕಾಗದವನ್ನು ಶಾರದೆಯ ಕೈಗೆ ಕೊಟ್ಟರು.

ಕಾಗದದಲ್ಲಿದ್ದದ್ದು, ಜಾಗದಲ್ಲಿ ತನಗಿರುವ ಅವಕಾಶವನ್ನು ತಮ್ಮನಿಗೆ ‘ಒಳಿಞ್ಞು’ ಕೊಟ್ಟಿದ್ದೇನೆ ಎಂದು. ಅಲ್ಲಿ ‘ಅವಕಾಶಂ’ ಎಂದರೆ ಹಕ್ಕು. ‘ಒಳಿಯುವುದು’ ಎಂದರೆ ಬಿಟ್ಟುಕೊಡುವುದು, ತೆರವು ಮಾಡುವುದು. ಶಾರದೆಗೆ ಎರಡೂ ಪದ ಪರಿಚಿತವೆಂದು ಕಂಡವು. ಅವಕಾಶ ಎಂದರೆ ಅವಕಾಶವೇ. ಒಳಿ ಎಂದರೆ ಉಳಿ ಇರಬೇಕು. “ನಿಮ್ಮ ಅವಕಾಶ ಉಳಿದಿದೆ ಎಂದು ಬರೆದಿದ್ದಾರೆ ದೊಡ್ಡಮ್ಮ” ಎಂದಳು. ದೊಡ್ಡಮ್ಮ ಸಂತೋಷದಿಂದ ಒಪ್ಪು ಹಾಕಿದರು.

ಶಾರದೆಯ ಪುಟದ ಮಾತು: “ದೊಡ್ಡಮ್ಮ ಒಪ್ಪದೆ ಒಪ್ಪು ಹಾಕಿದರು. ಹಾಕಿಸಿದ್ದು ನಾನು. ಬಸ್ಸಿನಲ್ಲಿ ‘ಒಳಿಞ್ಞ ಸೀಟ್’ ಎಂದು ಗೆಳತಿ ಹೇಳಿದ ದಿನ ನನಗೆ ಗೊತ್ತಾಯಿತು. ಸೀಟು ಉಳಿದದ್ದಲ್ಲ, ಖಾಲಿಯಾದದ್ದು.”

ಬಸ್ಸಿನಲ್ಲಿ ಅದು ಹೊಳೆದದ್ದು ಆಗಸ್ಟ್ ಮೊದಲ ವಾರ. ನಾನು ಅವಳ ಇನ್ನೊಂದು ಪುಟವನ್ನು ಗಟ್ಟಿಯಾಗಿ ಓದಿ ನಗಿಸಿದ್ದು ಅದಾಗಿ ನಾಲ್ಕೋ ಐದೋ ದಿನಕ್ಕೆ. ಹೇಳಬೇಕೆಂದಿದ್ದವಳು ಬಾಯಿ ಮುಚ್ಚಿದ್ದು ಏಕೆಂದು ಬೇರೆ ವಿವರಣೆ ಬೇಡ.

ಮಾಡಿದ ಪ್ರಯತ್ನಗಳು

ಮೊದಲು ಶಾಲೆಯ ಆಪ್ತ ಸಮಾಲೋಚಕಿಯ ಬಳಿ ಕಳಿಸಿದೆ. ಒಳ್ಳೆಯವರು, ಆದರೆ ಕನ್ನಡ ಬಾರದು. ನಲವತ್ತು ನಿಮಿಷ ಕೂತು ಬಂದ ಶಾರದೆ “ಅಲ್ಲಿಯೂ ನಾನೇ ಅನುವಾದ ಮಾಡಬೇಕಾಯಿತು ಟೀಚರ್” ಎಂದಳು. ಎರಡನೇ ಸಲ ಹೋಗಲಿಲ್ಲ.

ಮುಖ್ಯೋಪಾಧ್ಯಾಯರು ಜಾಗದ ತಕರಾರಿಗೆ ಶಾಲೆ ಕೈಹಾಕುವುದು ಬೇಡ ಎಂದರು. ಅವರ ಮಾತಿನಲ್ಲಿ ಹುರುಳಿತ್ತು: ತಮ್ಮನ ಮಕ್ಕಳೂ ನಮ್ಮ ಶಾಲೆಗೇ ಬರುತ್ತಾರೆ. ಹಾಗಾದರೆ ನಾವು ಏನು ಮಾಡಬಹುದು, ಏನು ಮಾಡಬಾರದು ಎಂದು ಗೆರೆ ಎಳೆದುಕೊಂಡೆವು. ಯಾರ ಪರವೂ ಮಾತನಾಡುವುದಿಲ್ಲ. ಕಾಗದದಲ್ಲಿ ಏನಿದೆ ಎಂದು ಮಾತ್ರ ದೊಡ್ಡಮ್ಮನಿಗೆ ಸರಿಯಾಗಿ ತಿಳಿಸುತ್ತೇವೆ. ಮುಂದಿನದು ಅವರ ತೀರ್ಮಾನ. ಶಾರದೆ ಹೇಳಿದರೆ ಮಾತ್ರ ಹೇಳುತ್ತೇವೆ. ಕೊನೆಯ ಷರತ್ತು ನನ್ನದು. ಅವಳು ಮೂರು ದಿನ ತೆಗೆದುಕೊಂಡಳು. ನಾನೇ ಹೋಗಿ ಹೇಳಿಬಿಟ್ಟರೆ ಎಂಬ ಯೋಚನೆ ಆ ಮೂರು ದಿನವೂ ಬಂತು. ಅಷ್ಟರಲ್ಲಿ ನೋಂದಣಿ ಆಗಿಹೋದರೆ ಎಂಬ ಹೆದರಿಕೆಯೂ ಇತ್ತು.

ಮಲಯಾಳ ವಿಭಾಗದ ಮಾಷ್ (ಮೇಷ್ಟ್ರು) ನಮ್ಮೊಂದಿಗೆ ಬಂದರು. ಭಾನುವಾರ ಮಧ್ಯಾಹ್ನ. ದೊಡ್ಡಮ್ಮ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಮಾಷ್ ಕಾಗದದ ಪ್ರತಿಯನ್ನು ತೆಗೆದುಕೊಂಡು, ಅರ್ಥ ಹೇಳುವ ಗೋಜಿಗೇ ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಮಲಯಾಳದಲ್ಲೇ ನಿಧಾನವಾಗಿ ಗಟ್ಟಿಯಾಗಿ ಓದಿದರು. ‘ಒಳಿಞ್ಞು’ ಎಂಬಲ್ಲಿಗೆ ಬಂದಾಗ ದೊಡ್ಡಮ್ಮನ ಕೈ ನಿಂತಿತು. ಅರ್ಧ ಸುತ್ತಿದ ಬೀಡಿಯ ಎಲೆ ಬಿಚ್ಚಿಕೊಂಡು ಹುಡಿ ಗೆರಸೆಗೆ ಬಿತ್ತು.

“ಇದನ್ನು ಅವತ್ತೇ ಹೀಗೆ ಓದಿದ್ದರೆ ನನಗೆ ಗೊತ್ತಾಗುತ್ತಿತ್ತಲ್ಲ ಮಗಳೇ” ಎಂದರು.

ನಿಜ. ನಲವತ್ತು ವರ್ಷ ಮಲಯಾಳ ಮಾತನಾಡಿದವರು ಅವರು. ಕಿವಿಗೆ ಬಿದ್ದಿದ್ದರೆ ಸಾಕಿತ್ತು. ಆದರೆ ಶಾರದೆ ಗಟ್ಟಿಯಾಗಿ ಓದಿರಲಿಲ್ಲ. ಅಕ್ಷರ ಕೂಡಿಸಿ ಓದುವುದು ಕೇಳಿದರೆ ತನಗೆ ಸರಿಯಾಗಿ ಬರುವುದಿಲ್ಲ ಎಂದು ಗೊತ್ತಾಗುತ್ತದೆಂಬ ನಾಚಿಕೆಯಿಂದ ಮನಸ್ಸಿನಲ್ಲೇ ಓದಿ, ತುಳುವಿನಲ್ಲಿ ಸಾರಾಂಶ ಹೇಳುತ್ತಿದ್ದಳು. ಎಲ್ಲರಿಗೂ ಅಷ್ಟೇ ಸಾಕಾಗಿತ್ತು. ತಪ್ಪು ಹುಟ್ಟಿದ್ದು ಅವಳಿಗೆ ಪದ ಗೊತ್ತಿಲ್ಲದ್ದರಿಂದಲ್ಲ. ಗೊತ್ತಿದೆ ಎಂದು ಕಂಡದ್ದರಿಂದ. ಪೂರ್ತಿ ಅಪರಿಚಿತ ಪದವಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು. ಅಪೇಕ್ಷೆ, ಅವಕಾಶ, ಆಧಾರ, ಸಂಸಾರ, ಒಪ್ಪು: ಇವೆಲ್ಲ ಹೊಳೆಯ ಆಚೆಗೂ ಈಚೆಗೂ ಒಂದೇ ಉಡುಪು ತೊಟ್ಟು ಬೇರೆ ಬೇರೆ ಕೆಲಸ ಮಾಡುವ ಪದಗಳು. ಅಲ್ಲಿ ಅಪೇಕ್ಷೆ ಎಂದರೆ ಅರ್ಜಿ, ಸಂಸಾರ ಎಂದರೆ ಮಾತು. ಅನಂತರ ಇವುಗಳ ಪಟ್ಟಿಯೊಂದನ್ನು ತರಗತಿಯ ಗೋಡೆಗೆ ಹಚ್ಚಿದೆವು, ಮಕ್ಕಳು ಸೇರಿಸುತ್ತ ಹೋದರು. ಮಾಷ್ ತಮ್ಮ ವಿಭಾಗಕ್ಕೂ ಒಂದು ಪ್ರತಿ ಬರೆಸಿಕೊಂಡರು.

ಏನಾಯಿತು

ಬದುಕಿಸಿದ್ದು ಒಂದು ಕಾನೂನಿನ ಅಂಶ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾಗದೆ ಊರ್ಜಿತವಾಗುವುದಿಲ್ಲ. ದೊಡ್ಡಮ್ಮ ಸಹಿ ಹಾಕಿದ್ದ ಕಾಗದ ಇನ್ನೂ ತಮ್ಮನ ಕಪಾಟಿನಲ್ಲಿತ್ತು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗುವಂತೆ ಮಾಷ್ ಹೇಳಿದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ. ಇದು ಆ ಹನ್ನೊಂದು ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಅರ್ಜಿಯನ್ನು ಕನ್ನಡದಲ್ಲೇ ಬರೆದೆವು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ ಎಂದು ನಾನು ಸಮಾಜ ವಿಜ್ಞಾನದ ಪಾಠದಂತೆ ವಿವರಿಸುತ್ತಿದ್ದಾಗ, ದೊಡ್ಡಮ್ಮ “ಅದೆಲ್ಲ ಇರಲಿ, ಬಸ್ಸು ಎಷ್ಟು ಗಂಟೆಗೆ?” ಎಂದರು. ಈ ಸಲ ಜೊತೆಗೆ ಹೋದದ್ದು ಶಾರದೆಯಲ್ಲ, ಅವಳ ಅಮ್ಮ. ಒಂದು ದಿನದ ಬೀಡಿಯ ಕೂಲಿ ಹೋಯಿತು.

ಮುಂದಿನದು ನಾನು ಬಯಸಿದ ಹಾಗೆ ಆಗಲಿಲ್ಲ. ತಂದೆಯ ಸ್ವಯಾರ್ಜಿತ ಜಾಗ, ಉಯಿಲು ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಮಗನಷ್ಟೇ ಪಾಲು. ಅರ್ಧ ಕೇಳಬಹುದು ಎಂದು ವಕೀಲರು ಹೇಳಿದರು. ದೊಡ್ಡಮ್ಮ ಕೇಳಲಿಲ್ಲ. ತಮ್ಮನನ್ನು ಕರೆದು ಕೂರಿಸಿ ಆರು ಸೆಂಟ್ಸ್, ಬಾವಿಯ ನೀರು, ಬಾವಿಗೆ ಹೋಗುವ ದಾರಿ ಇಷ್ಟನ್ನು ಇಟ್ಟುಕೊಂಡು ಉಳಿದದ್ದಕ್ಕೆ ತಿಳಿದೇ ಒಪ್ಪು ಹಾಕಿದರು. ನನಗೆ ಸಿಟ್ಟು ಬಂತು. “ಕೋರ್ಟಿಗೆ ಹೋದರೆ ಆಮೇಲೆ ತವರಿನ ಭೂತದ ಕೋಲಕ್ಕೆ ಯಾವ ಮುಖ ಹೊತ್ತು ಹೋಗಲಿ ಟೀಚರ್?” ಎಂದು ಕೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ. ಹಕ್ಕು ತಿಳಿದವರು ಅದನ್ನು ಪೂರ್ತಿ ಚಲಾಯಿಸಿಯೇ ತೀರುತ್ತಾರೆ ಎಂಬ ನಂಬಿಕೆ ನಮ್ಮಂಥ ಸಂಬಳದವರದ್ದು.

ಶಾರದೆಗೆ ಸಂಬಂಧಿಸಿ ಹೇಳುವುದಾದರೆ, ಶಾಲೆಯ ಗ್ರಂಥಾಲಯದಲ್ಲಿ ಶನಿವಾರ ಕಾಗದ ಓದಿ ಹೇಳುವ ವ್ಯವಸ್ಥೆ ಮಾಡಿದೆವು: ಮಾಷ್, ಒಬ್ಬ ನಿವೃತ್ತ ಗುಮಾಸ್ತರು, ನಾನು. ಮೊದಲ ವಾರ ಒಂಬತ್ತು ಜನ ಬಂದರು, ಆಮೇಲೆ ಮೂರು, ಒಂದು ವಾರ ಯಾರೂ ಇಲ್ಲ. ಕಾಗದ ಶನಿವಾರ ನೋಡಿಕೊಂಡು ಬರುವುದಿಲ್ಲ. ಶಾರದೆಯ ಮನೆ ಬೇಲಿಯಾಚೆಗೇ ಇದೆ. ವ್ಯವಸ್ಥೆ ಕುಂಟುತ್ತ ನಡೆದಿದೆ. ಕೆಲಸಕ್ಕೆ ಬಂದದ್ದು ಅದಕ್ಕಿಂತ ಸಣ್ಣ ಸಂಗತಿ: ಅವಳ ಅಮ್ಮ ನೆರೆಯವರಿಗೆ, ಶಾಲೆಯಿರುವ ದಿನ ಮಗಳನ್ನು ಕರೆಯಬೇಡಿ, ಬೇಕಾದರೆ ನಾನು ಬರುತ್ತೇನೆ ಎಂದದ್ದು. ಅಮ್ಮನಿಗೆ ಓದಲು ಬಾರದು. ಆದರೆ ಕೌಂಟರಿನ ಮುಂದೆ ನಿಂತು “ಒಮ್ಮೆ ಗಟ್ಟಿಯಾಗಿ ಓದಿ” ಎಂದು ಕೇಳಲು ಬರುತ್ತದೆ. ಅದನ್ನು ಅವರು ಆ ಭಾನುವಾರ ಮಾಷ್ ಓದಿದ್ದನ್ನು ನೋಡಿ ಕಲಿತರು. ಮಾರ್ಚ್‌ವರೆಗೆ ಶಾರದೆಯ ಗೈರುಹಾಜರಿ ಇನ್ನು ನಾಲ್ಕು ದಿನ ಮಾತ್ರ ಏರಿತು.

ದಿನದ ಪುಟವನ್ನು ಬರೆಸುವವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ತಿದ್ದುವ ಪುಸ್ತಕವನ್ನೂ ಓದುವ ಪುಸ್ತಕವನ್ನೂ ಮೊದಲ ದಿನವೇ ಬೇರೆ ಮಾಡಿ. ಗಡಿಯ ಮಗು ‘ತಪ್ಪು’ ಪದ ಬಳಸಿದರೆ ಅದು ಯಾವ ಭಾಷೆಯಲ್ಲಿ ಸರಿ ಎಂದು ಕೇಳಿಕೊಳ್ಳಿ. ಚೆನ್ನಾಗಿರುವ ಪುಟವನ್ನು ಮಗುವಿನ ಒಪ್ಪಿಗೆಯಿಲ್ಲದೆ ಮೆಚ್ಚಬೇಡಿ. ಮೆಚ್ಚುಗೆಯಿಂದಲೂ ಮಗು ಬಯಲಿಗೆ ಬೀಳುತ್ತದೆ. ಮಡಿಕೆಯ ನಿಯಮ ನಾನು ಎಲ್ಲಿಂದಲೂ ತಂದದ್ದಲ್ಲ, ಅವಸರಕ್ಕೆ ಹೊಳೆದದ್ದು, ಈಗಲೂ ಇಟ್ಟುಕೊಂಡಿದ್ದೇನೆ. ಮಡಚಿದ ಪುಟದಲ್ಲಿ ಮಗುವಿಗೆ ಅಪಾಯವಾಗುವಂಥದ್ದು ಇದ್ದರೆ ಏನು ಗತಿ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪುಸ್ತಕದ ಒಳರಟ್ಟಿನಲ್ಲಿ 1098, ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಬರೆಸಿದ್ದೇನೆ. ಅಷ್ಟು ಸಾಕೆಂದು ನನಗೂ ಅನಿಸುವುದಿಲ್ಲ.

ಶಾರದೆ ಈಗ ಪ್ಲಸ್ ವನ್ (ಹನ್ನೊಂದನೇ ತರಗತಿ) ಓದುತ್ತಿದ್ದಾಳೆ. ಕಾಗದ ಓದುವುದನ್ನು ಬಿಟ್ಟಿಲ್ಲ. ಆದರೆ ಸಂಜೆ ಯಾರಾದರೂ ತಂದರೆ, ಎಲ್ಲರಿಗೂ ಕೇಳುವ ಹಾಗೆ ಅಕ್ಷರ ಕೂಡಿಸಿ ಕೂಡಿಸಿ ಒಮ್ಮೆ ಓದಿ, “ಇವತ್ತು ಇಟ್ಟು ಹೋಗಿ, ನಾಳೆ ಅರ್ಥ ಹೇಳುತ್ತೇನೆ” ಎನ್ನುತ್ತಾಳಂತೆ. ಮೊನ್ನೆ ಬಸ್ಸಿನಲ್ಲಿ ಸಿಕ್ಕ ದೊಡ್ಡಮ್ಮ ನನ್ನೊಡನೆ ದೂರಿದರು: “ದೊಡ್ಡ ಶಾಲೆಗೆ ಹೋದ ಮೇಲೆ ಹುಡುಗಿ ನಿಧಾನವಾಗಿದ್ದಾಳೆ ಟೀಚರ್. ಮೊದಲು ಎಷ್ಟು ಬೇಗ ಓದಿಬಿಡುತ್ತಿದ್ದಳು!”